ಗಣಿತದ ಪೇಪರಿನ ದಿನ

ಕರೆವ್ವ ಪಡಸಾಲೆಯ ಕಂಬವನ್ನು ಎರಡೂ ಕೈಗಳಿಂದ ಅಪ್ಪಿ ಹಿಡಿದಿದ್ದಳು. ಇಬ್ಬರು ಹೆಂಗಸರು ರಟ್ಟೆ ಹಿಡಿದು ಎಳೆದರೂ ಬಿಡಲಿಲ್ಲ.

“ನಾ ಹೋಗಂಗಿಲ್ಲ. ಸಣ್ಣಜ್ಜ ಇಲ್ಲಿ ಹಿಂಗ ಕುಂತಾನ, ನಾ ಅಲ್ಲಿ ಕುಂತು ಲೆಕ್ಕ ಬಿಡಸ್ಲೇನು?”

ಅವಳ ಸಣ್ಣಜ್ಜ ಧರೆಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಬೆಳಗಿನ ಐದಕ್ಕೆ ಹಲ್ಲುಜ್ಜಲು ಹಿತ್ತಲಿಗೆ ಹೋದವನು ಕಟ್ಟೆಯ ಮೇಲೆ ಕೂತಲ್ಲೇ ಹೋಗಿಬಿಟ್ಟಿದ್ದ. ಅರವತ್ತೊಂದು ವಯಸ್ಸು. ಬನಹಟ್ಟಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜವಾನನಾಗಿ ಗಂಟೆ ಬಾರಿಸಿದವನು. ನಿವೃತ್ತನಾದ ಮೇಲೂ ದಿನಾ ಬೆಳಗ್ಗೆ ಅದೇ ಮೈದಾನದಲ್ಲಿ ಹುಡುಗಿಯರಿಗೆ ಖೋಖೋ ಕಲಿಸುತ್ತಿದ್ದ. ಅವನಿಗಾಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಆ ಸಪ್ಪಳವಿಲ್ಲದೆ ಅಳುವವರ ದನಿ ಹೆಚ್ಚೇ ದೊಡ್ಡದಾಗಿ ಕೇಳುತ್ತಿತ್ತು.

ಅವತ್ತೇ ಎಸ್ಸೆಸ್ಸೆಲ್ಸಿಯ ಗಣಿತದ ಪರೀಕ್ಷೆ, ಹತ್ತು ಗಂಟೆಗೆ, ರಬಕವಿಯಲ್ಲಿ. ಧರೆಪ್ಪನ ತಂಡದ ನಾಲ್ವರು ಈ ವರ್ಷ ಬರೆಯಬೇಕಿತ್ತು. ಉಳಿದ ಮೂವರು ಹಾಲ್ ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕರೆವ್ವ ಹೊರಡದಿದ್ದರೆ ಅವರೂ ಹೊರಡುವಂತಿರಲಿಲ್ಲ.

“ಬಿಡ್ರಿ ಆಕೀನ,” ಎಂದ ಹುಲೆಪ್ಪ. ಧರೆಪ್ಪನ ಅಣ್ಣ, ಕರೆವ್ವನ ಅಜ್ಜ. “ಹೆಂಗೂ ಮುಂದಿನ ತಿಂಗಳ ಆಕೀನ್ನ ನೋಡಾಕ ಬರಾಕತ್ತಾರ. ಲೆಕ್ಕದಾಗ ಪಾಸಾಗಿ ಏನ್ ಮಾಡೂದೈತಿ? ಹನ್ನೆರಡರೊಳಗ ಮಣ್ಣ ಮಾಡೂಣು. ಬಿಸಲ ನೋಡ್ರಿ ಹೆಂಗೈತಿ.”

ಧರೆಪ್ಪನ ಹೆಂಡತಿ ಮುದಕವ್ವ ತಲೆಯೆತ್ತಿದಳು. “ಹನ್ನೆರಡಕ್ಕ ಆಗಂಗಿಲ್ರಿ ಭಾವಾ. ಪರೀಕ್ಷಾ ಮುಗಿಯೂದು ಒಂದಕ್ಕ. ಹುಡುಗ್ಯಾರು ಬಂದಮ್ಯಾಲ ಎತ್ತೂದು.”

“ಹೆಣ ಯಾರಿಗಾರ ಕಾಯತೈತೇನವಾ?”

“ಇವ್ರು ಕಾಯ್ತಾರ. ಇಪ್ಪತ್ತ ವರ್ಷ ದಿನಾ ನಸುಕಿನ್ಯಾಗ ನಿಂತು ಹುಡುಗ್ಯಾರ ದಾರಿ ಕಾದಾರ. ಇವತ್ತೊಂದಿನ ಅವಸರ ಮಾಡಂಗಿಲ್ಲ.”

ಯಾರೋ ಕಿಸಕ್ಕನೆ ನಕ್ಕು ಸೆರಗು ಬಾಯಿಗೆ ಒತ್ತಿಕೊಂಡರು.

*

ಇಪ್ಪತ್ತು ವರ್ಷದ ಹಿಂದೆ, ಎಪ್ಪತ್ತೊಂದನೆಯ ಇಸವಿಯಲ್ಲಿ, ಆ ಹೈಸ್ಕೂಲಿನ ಹುಡುಗಿಯರಿಗೆ ಆಟವೆಂಬುದೇ ಇರಲಿಲ್ಲ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು ಧರೆಪ್ಪನ ಕೆಲಸ. ಅವನು ಎಳೆದ ಗೆರೆಯ ಮೇಲೆ ಹುಡುಗರು ಓಡುತ್ತಿದ್ದರು, ಹುಡುಗಿಯರು ಕಿಟಕಿಯಿಂದ ನೋಡುತ್ತಿದ್ದರು. ಅದನ್ನು ಬಹಳ ದಿನ ಕಂಡ ಧರೆಪ್ಪ ಕೊನೆಗೆ ಹೆಡ್ಮಾಸ್ತರರನ್ನು ಕೇಳಿಯೇಬಿಟ್ಟ. ಮನೆಯವರನ್ನು ನೀನೇ ಒಪ್ಪಿಸು, ಎಂದರು ಅವರು.

ಒಂಬತ್ತು ಮನೆಗಳಿಗೆ ಹೋದ. ಕೆಲವು ಕಡೆ ಹೊಸ್ತಿಲ ಹೊರಗೇ ನಿಂತು ಮಾತಾಡಿದ. ಎಲ್ಲ ಕಡೆ ಹೇಳಿದ್ದು ಒಂದೇ ಮಾತು: “ಒಬ್ಬಾಕಿ ನಪಾಸಾದ್ರೂ ಆಟ ಬಂದ್ ಮಾಡ್ತೇನ್ರಿ.”

ಮಾತು ಕೊಟ್ಟ ಮೇಲೆ ಹೆದರಿಕೆ ಹತ್ತಿತು. ಅವನೇ ಮ್ಯಾಟ್ರಿಕ್ಕಿನ ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದವನು. ಅಂದಿನಿಂದ ತನ್ನ ಸ್ಟೂಲನ್ನು ಹತ್ತನೆಯ ತರಗತಿಯ ಬಾಗಿಲ ಬಳಿ ಹಾಕಿಕೊಂಡ. ಮಧ್ಯಾಹ್ನ ಕೇಳಿಸಿಕೊಂಡ ಪಾಠ ಮರುದಿನ ನಸುಕಿನಲ್ಲಿ ಮೈದಾನಕ್ಕೆ ಬರುತ್ತಿತ್ತು. ಖೋ ಸಿಕ್ಕವಳು ಏಳುವಾಗ ಹದಿನೇಳರ ಮಗ್ಗಿಯ ಮುಂದಿನ ಅಂಕಿ ಕೂಗಬೇಕು; ತಪ್ಪಿದರೆ ಮತ್ತೆ ಕೂರಬೇಕು.

ಶಿವಗಂಗವ್ವ ಎಂಬ ಕಿರಾಣಿ ಅಂಗಡಿಯವರ ಹುಡುಗಿ ಅವರಲ್ಲೆಲ್ಲ ಚುರುಕು. ಆದರೆ ಅವಳು ‘ಖೋ’ ಎಂದರೆ ಮುಂದೆ ಕೂತವಳಿಗೂ ಕೇಳುತ್ತಿರಲಿಲ್ಲ. ಧರೆಪ್ಪ ಅವಳನ್ನು ಬಸ್ ಸ್ಟ್ಯಾಂಡಿಗೆ ಅಟ್ಟಿದ. “ಬೀಳಗಿ ಬಸ್ ಎಷ್ಟಕ್ಕ ಅಂತ ಕೇಳಿಕೊಂಡ ಬಾ. ಕಂಟ್ರೋಲರ್ ತಲಿ ಎತ್ತಿ ನೋಡಬೇಕ ನೋಡು.” ಮೂರು ದಿನ ಅವಳು ಕಿಟಕಿಯ ತನಕ ಹೋಗಿ ಹೋಗಿ ಬಂದಳು. ನಾಲ್ಕನೆಯ ದಿನ ಅವಳು ಕೂಗಿದ್ದಕ್ಕೆ ಕಂಟ್ರೋಲರ್ ಅಷ್ಟೇ ಅಲ್ಲ, ಮೂರು ಬಸ್ಸುಗಳ ಜನ ತಿರುಗಿ ನೋಡಿದರು. ಬೀಳಗಿಯಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ.

*

ಅದೇ ಶಿವಗಂಗವ್ವ ಈಗ ಮುಧೋಳದ ಆಸ್ಪತ್ರೆಯಲ್ಲಿ ನರ್ಸು. ಒಂಬತ್ತು ಗಂಟೆಗೆ ಬಸ್ಸಿಳಿದು ಬಂದವಳು ಧರೆಪ್ಪನ ಪಾದ ಮುಟ್ಟಿ, ಸ್ವಲ್ಪ ಹೊತ್ತು ಅತ್ತು, ಆಮೇಲೆ ಕಂಬ ಹಿಡಿದು ಕೂತ ಹುಡುಗಿಯನ್ನು ನೋಡಿದಳು. ಸಂಗತಿ ಕೇಳಿ ತಿಳಿದು ಅವಳ ಪಕ್ಕ ಕೂತಳು.

“ನಿಮ್ಮ ಸಣ್ಣಜ್ಜ ಪರೀಕ್ಷಾದ ದಿನ ಏನ್ ಮಾಡಿದ್ರು ಗೊತ್ತೈತೇನು?”

ಕರೆವ್ವ ಇಲ್ಲವೆಂದು ತಲೆಯಾಡಿಸಿದಳು.

“ನಮಗ ಪರೀಕ್ಷಾದ ಫಾರ್ಮ್ ತುಂಬೂದು ಕಲಿಸಿದ್ರು. ಕಲತ ಮ್ಯಾಲ ನಾವು ತುಂಬಿದ ಮೊದಲನೇ ಫಾರ್ಮ್ ಅವರದ. ‘ಮಂದೀಗೆಲ್ಲ ಪಾಸಾಗ್ರಿ ಅಂತೀರಿ, ನೀವ್ಯಾಕ ನಪಾಸಾಗಿ ಕುಂತೀರಿ?’ ಅಂತ ಜಗಳಾ ತಗದಿವಿ. ಹೂಂ ಅಂದ್ರು. ಪರೀಕ್ಷಾದ ದಿನ ಗೇಟಿನ ತನಾ ಛಲೋ ಬಂದ್ರು. ಅಲ್ಲಿ ಒಂದ ಬೇವಿನ ಗಿಡ ಇತ್ತು. ಅದನ್ನ ಹಿಡಕೊಂಡ್ರು ನೋಡು, ನೀ ಈಗ ಹಿಡಕೊಂಡಿಯಲ್ಲ, ಹಂಗ. ‘ಹೊಟ್ಟಿ ನೋಯಾಕತ್ತೈತಿ ಶಿವಗಂಗಾ, ಬರೂ ವರ್ಷ ಬರೀತೀನಿ’ ಅಂದ್ರು.”

“ಮುಂಜಾನೆ ಎಂಟ ರೊಟ್ಟಿ ತಿಂದ ಹೋಗಿದ್ರು,” ಎಂದಳು ಮುದಕವ್ವ. “ಹೊಟ್ಟಿ ನೋವಂತ!”

“ಮತ್ತ ನೀವೇನ್ ಮಾಡಿದ್ರಿ?” ಕರೆವ್ವ ಮೂಗು ಒರೆಸಿಕೊಂಡಳು. ಅದಕ್ಕಾಗಿ ಒಂದು ಕೈ ಕಂಬ ಬಿಟ್ಟಿತು.

“ಒಂಬತ್ತ ಮಂದಿ ಇದ್ದಿವಿ. ಎತ್ತಿದಿವಿ. ಕೈಗೆ ನಾಕ ಮಂದಿ, ಕಾಲಿಗೆ ನಾಕ ಮಂದಿ. ಉಳದಾಕಿ ಚಪ್ಪಲಿ ಹಿಡಕೊಂಡ ಹಿಂದ ಬಂದ್ಲು. ಒಳಗಿನ ಮಾಸ್ತರು ಯಾರೋ ಬ್ಯಾನಿ ಬಿದ್ದಾವ್ರು ಅಂತ ನೀರ ತಂದ್ರು.”

ಅಳಲು ಬಂದು ಕೂತಿದ್ದ ಹೆಂಗಸರೆಲ್ಲ ಒಮ್ಮೆಲೇ ನಕ್ಕರು.

“ಮಾರ್ಕ ಎಷ್ಟ ಬಿದ್ವು?” ಎಂದಳು ಕರೆವ್ವ.

“ಮೂವತ್ತಾರು. ಪಾಸಿಗೆ ಮೂವತ್ತೈದ ಸಾಕು. ‘ಒಂದ ಹೆಚ್ಚ ತಗದೇನಿ’ ಅಂತ ಓಣಿ ತುಂಬ ಪೇಢೆ ಹಂಚಿದ್ರು.”

“ಖರೇನ. ನನಗ ಎರಡ ಕೊಟ್ಟಿದ್ದ,” ಎಂದುಬಿಟ್ಟ ಹುಲೆಪ್ಪ. ಆಮೇಲೆ ತಮ್ಮನ ಮುಖ ನೋಡಿದ. ಬೆಳಗಿನಿಂದ ಬಿಸಿಲು, ಹೂಳುವ ಕುಣಿ, ಗಾಡಿ ಎಂದು ಓಡಾಡುತ್ತಿದ್ದವನ ಕಣ್ಣು ಆಗ ತುಂಬಿತು.

ಕರೆವ್ವ ನಗುತ್ತ ಅಳುತ್ತ ಎದ್ದು ನಿಂತಿದ್ದಳು. “ನಡಿ,” ಎಂದಳು ಶಿವಗಂಗವ್ವ. “ಒಂದಕ್ಕ ಬಂದು ಅಳು. ನಿನ್ನ ಜೋಡಿ ನಾವೂ ಅಳ್ತೇವಿ.”

ರಬಕವಿಯ ಬಸ್ಸು ಹೋಗಿಯಾಗಿತ್ತು. ಮುದಕವ್ವ ಭಾವನತ್ತ ನೋಡಿದಳು. ಹುಲೆಪ್ಪ ಗೊಣಗುತ್ತ ಹೊರಗೆ ಹೋದ. ಓಣಿಯ ತುದಿಯಲ್ಲಿ ನೂಲು ತುಂಬಿಕೊಂಡು ನಿಂತಿದ್ದ ಟೆಂಪೊ ಡ್ರೈವರನ ಮೇಲೆ ಅವನು ಕೂಗಾಡುವುದು ಒಳಗೆ ಕೇಳಿಸಿತು. “ಲೇ, ಹತ್ತಕ್ಕ ಪರೀಕ್ಷಾ ಐತಿ! ಗಾಡಿ ಚಾಲೂ ಮಾಡಲೇ!”

ನಾಲ್ವರೂ ನೂಲಿನ ಮೂಟೆಗಳ ಮೇಲೆ ಹತ್ತಿ ಕೂತರು.

*

ಒಂದೂವರೆಗೆ ಹುಡುಗಿಯರು ಬಂದರು. ಅಳುವುದಿದ್ದದ್ದನ್ನು ಅತ್ತರು. ಧರೆಪ್ಪನನ್ನು ಎತ್ತಿದರು. ಮಗ ಬಾಳು ಮೊದಲ ಹಿಡಿ ಮಣ್ಣು ಹಾಕಿದ. ಆಮೇಲೆ ಹಳೆಯ, ಹೊಸ ಖೋಖೋ ಹುಡುಗಿಯರು ಸಾಲಾಗಿ ಬಂದು ಹಾಕಿದರು. ಕೆಲವರ ಕಂಕುಳಲ್ಲಿ ಕೂಸುಗಳಿದ್ದವು. ಮೂರರ ಹೊತ್ತಿಗೆ ಎಲ್ಲ ಮುಗಿಯಿತು.

ಜನ ಕೈಕಾಲು ತೊಳೆಯಲು ಕೊಡದ ನೀರು ಸುರಿದುಕೊಳ್ಳುತ್ತಿದ್ದಾಗ ಹುಣಸೆ ಮರದ ಕೆಳಗೆ ಸಣ್ಣ ದನಿಯ ಜಗಳ ಶುರುವಾಯಿತು. ಪ್ರಶ್ನೆಪತ್ರಿಕೆ ಹುಡುಗಿಯರ ಕೈಯಲ್ಲಿ ಸುತ್ತುತ್ತಿತ್ತು.

“ಇಪ್ಪತ್ತೈದು.”

“ಅಲ್ಲಬೇ, ಹನ್ನೆರಡು.”

“ಇಲ್ಲಿ ಏನ್ರೇ ನಿಮ್ಮ ಗದ್ದಲಾ?” ಹುಲೆಪ್ಪ ಬಂದ. “ಏನದು? ಓದು.”

ಕರೆವ್ವ ಹೆದರುತ್ತಲೇ ಓದಿದಳು. ಒಂದು ನಲ್ಲಿ ತೊಟ್ಟಿಯನ್ನು ಇಪ್ಪತ್ತು ನಿಮಿಷದಲ್ಲಿ ತುಂಬುತ್ತದೆ, ಇನ್ನೊಂದು ಮೂವತ್ತು ನಿಮಿಷದಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು?

ಹುಲೆಪ್ಪ ಪುರಸಭೆಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. “ಇಪ್ಪತ್ತೈದ ಅಂದಾಕಿ ಯಾರು? ಒಂದ ಬಿಟ್ರನ ಇಪ್ಪತ್ತರಾಗ ತುಂಬತೈತಿ, ಎರಡ ಬಿಟ್ರ ತಡಾ ಹೆಂಗ ಆಕ್ಕೈತಿ?”

“ಹನ್ನೆರಡ ಅಂತ ನಾ ಬರದೇನಿ, ಅಜ್ಜ.”

“ಹನ್ನೆರಡ ಯಾಕ? ಹದಿನೈದ ಯಾಕಲ್ಲ? ತಿಳಿಸಿ ಹೇಳು ನನಗ.”

ದೂರದಿಂದ ಬಾಳು, ಎಲ್ಲರೂ ನಡೀರಿ ಎಂದು ಕೂಗಿದ. ಹುಲೆಪ್ಪ ಕುಕ್ಕರಗಾಲಿನಲ್ಲಿ ಕೂತು, ಕೊಡದ ನೀರಿಗೆ ನೆನೆದ ನೆಲದ ಮೇಲೆ ಬೆರಳಿನಿಂದ ತೊಟ್ಟಿ ಬರೆದಿದ್ದ. ಕರೆವ್ವ ಎದುರಿಗೆ ಮಂಡಿಯೂರಿ ಎರಡನೆಯ ನಲ್ಲಿಯನ್ನು ಬರೆಯುತ್ತಿದ್ದಳು. “ನಲ್ಲಿ ತೊಟ್ಟಿಗಿಂತ ಮ್ಯಾಲ ಇರಬೇಕ ನೋಡು,” ಎಂದು ಅಜ್ಜ ಅವಳ ಬೆರಳು ಹಿಡಿದು ಅದನ್ನು ಇನ್ನಷ್ಟು ಮೇಲಕ್ಕೆ ಸರಿಸಿದ.