ಎಡಗಡೆಯ ಅನ್ನ

ಸತ್ತವರಿಗೆ ಬಡಿಸುವ ಕ್ರಮದಂತೆ ಕಿನು ಮಾವನ ಬಟ್ಟಲಿಗೆ ಅನ್ನವನ್ನು ಒತ್ತಿ ಒತ್ತಿ ತುಂಬಿ, ಊಟದ ಕಡ್ಡಿಗಳೆರಡನ್ನೂ ಅದರ ನೆತ್ತಿಗೆ ನೆಟ್ಟಗೆ ಚುಚ್ಚಿದಳು. ಮಾವ ತೊಕುಜೊ ಬದುಕಿದ್ದ ಕೊನೆಯ ನಾಲ್ಕು ತಿಂಗಳು ಆ ಬಟ್ಟಲಿಗೆ ಒಂದಗುಳೂ ಬಿದ್ದಿರಲಿಲ್ಲ.

ಹೆಣದ ಪೆಟ್ಟಿಗೆಯ ಪಕ್ಕದಲ್ಲಿ ತೊಕುಜೊನ ತಂಗಿ ಮಾತ್ಸು ಮೂಗು ಸೀಟುತ್ತಿದ್ದಳು. "ಎಷ್ಟು ಬಡಕಲಾಗಿದಾನೆ ನೋಡು! ಮೂವತ್ತು ಕೇಜಿ ತೂಕದ ದಪ್ಪ ಹುಲ್ಲುಚಾಪೆ ಒಂದೇ ಹೆಗಲಲ್ಲಿ ಹೊರ್ತಿದ್ದೋನು."

ಕಿನು ತಲೆ ತಗ್ಗಿಸಿದಳು.

*

ಕಿನು ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಮಾಡಿದ ಅನ್ನ ಒಮ್ಮೆ ತಳ ಹಿಡಿದಿತ್ತು. ಮಾವ ತುಂಬಿದ ಬಟ್ಟಲನ್ನೇ ನೋಡುತ್ತಾ, "ಇವತ್ತು ಅನ್ನ ಇಲ್ವೇನಮ್ಮಾ?" ಎಂದಿದ್ದ. ಎಲ್ಲರೂ ನಕ್ಕಿದ್ದರು. ಇಪ್ಪತ್ತಾರು ವರ್ಷ ಕಳೆದರೂ ಆ ಮುಳ್ಳು ಅವಳೊಳಗಿಂದ ಹೊರಬಂದಿರಲಿಲ್ಲ.

ಹೋದ ವರ್ಷ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ ಮುದುಕ, ಕೋಲೂರಿ ನಡೆಯುತ್ತಲೇ ಮನೆಗೆ ಬಂದ. ಮಾತು ಸ್ಪಷ್ಟವಾಗಿತ್ತು, ಕಣ್ಣೂ ಚೆನ್ನಾಗಿತ್ತು. ಕಿನು ಎಂದಿನಂತೆ ಎಡಕ್ಕೆ ಅನ್ನ, ಬಲಕ್ಕೆ ಸಾರು ಇಟ್ಟಳು. ಅವನು ಸಾರು ಕುಡಿದು ಮುಗಿಸಿ ಕೇಳಿದ: "ಇವತ್ತು ಅನ್ನ ಇಲ್ವೇನಮ್ಮಾ?"

ಮರುದಿನವೂ ಅದೇ. ಅದರ ಮರುದಿನವೂ.

ಗಂಡ ಮೀನಿನ ಹಡಗಿನಲ್ಲಿ ದೂರದ ಕಡಲಿನಲ್ಲಿದ್ದ, ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಒಂದು ದಿನ ಅವಳಿಗೆ ರೇಗಿಹೋಯಿತು. "ನನ್ನ ಅನ್ನ ನಿಮ್ಮ ಕಣ್ಣಿಗೆ ಅನ್ನ ಅಂತ ಕಂಡ ದಿನ ಬಡಿಸ್ತೀನಿ, ಮಾವ." ಅಂದಿನಿಂದ ಸಾರು, ಉಪ್ಪಿನಕಾಯಿ ಅಷ್ಟೆ. ಮುದುಕ ಕೇಳುವುದನ್ನು ಬಿಡಲಿಲ್ಲ, ಅವಳು ಹಠ ಬಿಡಲಿಲ್ಲ.

*

"ಕೊನೆಕೊನೆಗೆ ಅರ್ಧ ಗಡ್ಡ ಮಾತ್ರ ಬೋಳಿಸ್ಕೋತಿದ್ದ, ಮೊಂಡ," ಎಂದಳು ಮಾತ್ಸು.

ಧೂಪ ಹಚ್ಚುತ್ತಿದ್ದ ನೆರೆಮನೆಯ ಸೆತ್ಸು ತಿರುಗಿದಳು. ಪಟ್ಟಣದಲ್ಲಿ ನರ್ಸ್ ಆಗಿದ್ದ ಅವಳು ಸಾವಿನ ಸುದ್ದಿ ಕೇಳಿ ಊರಿಗೆ ಬಂದಿದ್ದಳು. "ಬಲಗಡೆ ಅರ್ಧಾನಾ?"

"ಹೂಂ. ಯಾಕೆ?"

"ಅದು ಮೊಂಡುತನ ಅಲ್ಲ ಅಜ್ಜಿ, ಕಾಯಿಲೆ. ಕಣ್ಣು ನೋಡುತ್ತೆ, ಆದ್ರೆ ಮಿದುಳಿನ ಗಮನ ಎಡಗಡೆಗೆ ಹೋಗೋದೇ ಇಲ್ಲ. ಆ ಕಡೆ ಅನ್ನೋದೇ ಅವರ ಪಾಲಿಗೆ ಇರಲ್ಲ. ನಮ್ಮಲ್ಲಿ ಊಟದ ತಟ್ಟೆ ತಿರುಗಿಸಿ ಇಡ್ತಿದ್ವಿ."

ಕಿನು ಅವಳ ಹತ್ತಿರ ಬಂದಳು. "ತಿರುಗಿಸಿದ್ರೆ?"

"ತಿರುಗಿಸಿದ್ರೆ ತಿಂತಾರೆ ಅಕ್ಕಾ. ಪಾಪ, ಹಸಿವು ಇದ್ದೇ ಇರುತ್ತಲ್ಲ."

ಕಿನು ಕುಸಿದು ಕೂತಳು. ಯಾರೋ ನೀರು ಕೊಟ್ಟರು. ಸೊಸೆಗೆ ಮಾವನ ಮೇಲೆ ಎಷ್ಟು ಪ್ರೀತಿ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಅದನ್ನು ಕೇಳುವುದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮುಚ್ಚಳ ಹಾಕುವ ಮುನ್ನ ಮಾತ್ಸು ಬಟ್ಟಲಿನ ಅನ್ನವನ್ನು ಕಾಗದದಲ್ಲಿ ಕಟ್ಟಿ ಅಣ್ಣನ ಎಡಭುಜದ ಬಳಿ ಇಟ್ಟಳು. ಕಿನು ಎದ್ದು ಬಂದು ಪೊಟ್ಟಣವನ್ನು ತೆಗೆದು ಬಲಗೆನ್ನೆಗೆ ತಾಗಿಸಿಟ್ಟಳು.

"ಯಾವ ಕಡೆ ಇಟ್ರೇನೇ?"

"ಆ ಕಡೆ ಇಟ್ರೆ ಅವರಿಗೆ ಸಿಗಲ್ಲ, ಅತ್ತೆ."

ಪೆಟ್ಟಿಗೆ ಹೊಸಿಲು ದಾಟಿತು. ಮಾತ್ಸು ಖಾಲಿ ಬಟ್ಟಲನ್ನು ಕಿನುವಿನ ಕೈಗಿತ್ತಳು. "ಕಲ್ಲಿಗೆ ಬಡಿದು ಒಡಿ. ಸತ್ತೋನು ಅನ್ನ ಕೇಳ್ಕೊಂಡು ಮನೆಗೆ ವಾಪಸ್ ಬರಬಾರದು."

ಕಿನು ಬಟ್ಟಲನ್ನು ಎದೆಗವಚಿಕೊಂಡು ನಿಂತಳು. ಹೊರಗೆ ಹೆಣದ ಗಾಡಿ ಉದ್ದಕ್ಕೆ ಹಾರ್ನ್ ಮಾಡಿ ಹೊರಟಿತು. ಜನರೆಲ್ಲ ಕೈಮುಗಿದು, ಬಟ್ಟಲು ಒಡೆಯುವ ಸದ್ದಿಗಾಗಿ ಕಾಯುತ್ತಲೇ ಇದ್ದರು.