ಬನ ಕಡಿಸಿದವರು

ಮರ ಕಡಿಯುವ ಗುಡ್ಡ ಕೊಡಲಿಯ ಬಾಯಿಗೆ ಹೆಬ್ಬೆರಳು ಸವರಿ ನೋಡಿ, ಅಂಗಳದಂಚಿನ ಕಾಟುಮಾವಿನ ಬುಡಕ್ಕೆ ಕೈಯಿಟ್ಟು ಕೇಳಿದ: "ಅಮ್ಮಾ, ಇದೇ ಮರವಾ? ನೀವೊಂದ್ ಮಾತ್ ಹೇಳ್ಕ್."

ಹರಿಣಾಕ್ಷಿ ಮರದ ತುದಿಯ ತನಕ ಕಣ್ಣೆತ್ತಿ ನೋಡಿದಳು. ಅಣ್ಣ ಚಂದಯ್ಯ ಬೆಳಗಿನ ಜಾವ ತೀರಿಕೊಂಡಿದ್ದ. ಅಂಗಳದಲ್ಲಿ ಬಾಳೆಲೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ತೆಂಗಿನಕಾಯಿ ಹೋಳಿನಲ್ಲಿ ದೀಪ ಹಚ್ಚಿಟ್ಟಿದ್ದರು. ಚಿತೆಗೆ ಮನೆಯ ಜಾಗದ ಮಾವಿನ ಮರವೇ ಆಗಬೇಕು, ಕಡಿಯುವ ಮೊದಲು ಮನೆಯ ಹಿರಿಯರ ಬಾಯಿಂದ ಒಪ್ಪಿಗೆಯೂ ಬರಬೇಕು. ಕೊಕ್ಕರ್ಣೆಯ ಈ ಮನೆ ಹೆಣ್ಣಿನ ಕಡೆಯಿಂದ ಇಳಿದು ಬಂದದ್ದು, ಹಿರಿಯಳೆಂದರೆ ಅವಳೇ. ಉಳಿದ ಮಾವಿನ ಮರವೂ ಅದೊಂದೇ. ಬಂದವರೆಲ್ಲ ಅದರ ನೆರಳಲ್ಲಿ ನಿಂತಿದ್ದರು, ಚಂದಯ್ಯನೂ ಅದರ ನೆರಳಲ್ಲೇ ಮಲಗಿದ್ದ.

"ಚೂರ್ ತಡಿ ಗುಡ್ಡ," ಎಂದಳು. ಇದೇ ಗುಡ್ಡನಿಗೆ ಹಿಂದೊಮ್ಮೆ 'ಕಡಿ' ಎಂದವಳು ಅವಳು. ಆಗ ನಾಲಿಗೆ ತಡವರಿಸಿರಲಿಲ್ಲ.

ಅಷ್ಟರಲ್ಲಿ ಬೇಲಿಯ ದಣಪೆಯ ಹತ್ತಿರ ಜೀಪು ನಿಂತಿತು. ಇಳಿದವರು ವಿಶ್ವವಿದ್ಯಾನಿಲಯದ ಉದ್ಯಾನ ಮತ್ತು ವನಸಂರಕ್ಷಣಾ ಸಂಸ್ಥೆಯ ನಿರ್ದೇಶಕಿ ಡಾಕ್ಟರ್ ವನಜ. ಒಂದು ಕಾಲದಲ್ಲಿ, ನಾಗನಿಗೆಂದು ಕಡಿಯದೆ ಬಿಟ್ಟಿದ್ದ ಈ ಮನೆಯ ನಾಗಬನ ನೋಡಲು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬರುತ್ತಿದ್ದವರು. ಬನ ಹೋದ ಮೇಲೆ ಈ ದಾರಿ ತುಳಿದಿರಲಿಲ್ಲ. ಹರಿಣಾಕ್ಷಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ವನಜ ಹೂವಿಟ್ಟು ಕೈಮುಗಿದು, ಅವಳ ಪಕ್ಕ ಬಂದು ಕುಳಿತರು.

"ಹೋದ ವರ್ಷ ಹಾಲಾಡಿ ಪೇಟೆಯಲ್ಲಿ ಇವರು ಎದುರಿಗೇ ಸಿಕ್ಕಿದ್ರು. ನಾನು ನೋಡದವಳ ಹಾಗೆ ಜೀಪು ಹತ್ತಿದೆ. ಅಷ್ಟು ಸಿಟ್ಟಿತ್ತು ನಂಗೆ."

"ಅಣ್ಣ ಹೇಳ್ಲಿಲ್ಲ," ಎಂದಳು ಹರಿಣಾಕ್ಷಿ.

"ನಮ್ಮ ಸಲಹಾ ಸಮಿತಿಯಲ್ಲಿ ಎಂತೆಂಥ ದೊಡ್ಡವರಿದ್ರು. ಹಳ್ಳಿಯವರು ನಂಬಿದ್ದು ಚಂದಯ್ಯನವರೊಬ್ಬರನ್ನೇ. ಅಂಥವರು ತಮ್ಮ ಬನವನ್ನೇ ಯಾಕೆ ಕಡಿಸಿದ್ರು ಅಂತ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ. ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"

"ಇಲ್ಲ," ಎಂದಳು. ಹೇಳಿದ್ದು ಸುಳ್ಳು, ಅದೂ ಅಣ್ಣನ ಹೆಣದ ಎದುರು ಕುಳಿತು.

* * *

ಚಂದಯ್ಯ ಹಾಲಾಡಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದವ. ಮದುವೆಯಾಗದೆ ತಂಗಿಯ ಮನೆಯಲ್ಲೇ ಉಳಿದವ. ತೊಂಬತ್ತೆಂಟರಲ್ಲಿ ವನಜ ಅವನನ್ನು ಸಂಸ್ಥೆಯ ಸಲಹಾ ಸಮಿತಿಗೆ ಸೇರಿಸಿಕೊಂಡಾಗ ಊರಿಗೆ ಊರೇ ನಕ್ಕಿತು. ನಿವೃತ್ತ ಅರಣ್ಯಾಧಿಕಾರಿಗಳು, ಪ್ರೊಫೆಸರುಗಳು, ನಡುವೆ ಗಿರಣಿಯ ಗುಮಾಸ್ತ. "ಎಂತ ಚಂದಯ್ಯ, ಸರ್ಕಾರಕ್ಕೇ ಬುದ್ಧಿ ಹೇಳೂಕ್ ಹೊರ್ಟ್ಯಾ?" ಎಂದು ಬಸ್ಸಿನಲ್ಲಿ ಕೆಣಕುವರು. ಅವನೂ ಅವರ ಜೊತೆ ನಗುವನು. ಸಭೆಯ ದಿನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ ಹೊರಡುವನು. ಅಲ್ಲಿ ಚಹದ ಜೊತೆ ಕೊಟ್ಟ ಬಿಸ್ಕಿಟನ್ನು ತಾನು ತಿನ್ನದೆ ಕರವಸ್ತ್ರದಲ್ಲಿ ಕಟ್ಟಿ ತಂಗಿಗೆ ತರುವನು. ತಂಗಿಗೆ ಆಗಲೇ ಮೊಮ್ಮಕ್ಕಳಾಗುವ ವಯಸ್ಸು.

ಬನಗಳಿಗೆ ಬೇಲಿ ಹಾಕಿ ಬೋರ್ಡು ನೆಡಬೇಕೆಂದು ಸಮಿತಿ ಹೊರಟಿತ್ತು. ಬೇಲಿ ಬೇಡ, ಕಡಿಯುವುದಿಲ್ಲವೆಂದು ಮನೆಯವರಿಂದ ಮಾತು ತೆಗೆದುಕೊಳ್ಳೋಣ ಎಂದವನು ಚಂದಯ್ಯ. ವನಜ ಒಪ್ಪಿದರು. ಆಮೇಲೆ ಭಾನುವಾರ ಬಂತೆಂದರೆ ಅವನು ಮನೆಮನೆ ಅಲೆಯುವುದೇ. "ಮರ ಇದ್ರೆ ಮಾತ್ರ ಬನ. ಕಲ್ಲ್ ಹಾಸ್ರೆ ಅದ್ ಜಗ್ಲಿ," ಎನ್ನುವನು. ಅವನ ಮಾತಿಗೆ ಎಷ್ಟೋ ಮನೆಯವರು ಕೊಡಲಿ ಒಳಗಿಟ್ಟರು. ನಂಬದವರು ಬಂದು ನೋಡಲು ಅವನ ಮನೆಯ ಬನವೇ ಇತ್ತಲ್ಲ.

ಹರಿಣಾಕ್ಷಿಗೆ ಆ ಬನವೆಂದರೆ ತಲೆತಗ್ಗಿಸುವ ವಿಷಯವಾಗಿತ್ತು. ಆಚೆಮನೆಯವರು ತಮ್ಮದನ್ನು ಬೋಳಿಸಿ ಕರಿಕಲ್ಲು ಹಾಸಿದ್ದರು. ನಾಗರಪಂಚಮಿಗೆ ಬಂದ ನೆಂಟರು ಅಲ್ಲಿ ಫೋಟೊ ತೆಗೆಸಿಕೊಂಡು, ಇವಳ ಬನದೊಳಗೆ ಮೂಗು ಮುರಿದು ಸೀರೆ ಎತ್ತಿಹಿಡಿದು ನಡೆದರು. ಮುಂಬೈಯಲ್ಲಿ ಹೋಟೆಲಿಟ್ಟ ಮಗ ಸುಜನ್, ಕಲ್ಲಿನ ಖರ್ಚು ತನ್ನದೆಂದ. ದೇವರಿಗಾಗಿ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬರೀ ಹೊಟ್ಟೆಕಿಚ್ಚೆಂದು ಅವಳಿಗೂ ಗೊತ್ತಿತ್ತು. ಅಣ್ಣ ಸಭೆಗೆ ಹೋಗುವ ದಿನವನ್ನೇ ಕಾದು ಗುಡ್ಡನನ್ನು ಕರೆಸಿದಳು.

"ಒಡೆಯರನ್ ಕೇಂಡ್ರ್ಯಾ?" ಎಂದ ಗುಡ್ಡ.

"ಮನಿ ನಂದ್. ಕಡಿ."

ಸಂಜೆ ಚಂದಯ್ಯ ಬಿಳಿ ಅಂಗಿಯಲ್ಲೇ ಬಂದು, ಉರುಳಿದ್ದ ಮರಗಳ ಎದುರು ನಿಂತ. ಕೈಯಲ್ಲಿ ಕರವಸ್ತ್ರದ ಗಂಟಿತ್ತು. ಹರಿಣಾಕ್ಷಿ ಬೈಗಳಕ್ಕೆ ಸಿದ್ಧಳಾಗಿ ಸೆರಗು ಬಿಗಿದು ನಿಂತಿದ್ದಳು. ಅವನು ಬೈಯಲಿಲ್ಲ.

"ಯಾರ್ ಕೇಂಡ್ರೂ ನಾನ್ ಕಡ್ಸದ್ದ್ ಅಂತ ಹೇಳ್," ಎಂದ. "ಗುಡ್ಡ, ನೀನೂ ಅಷ್ಟೇ."

"ಎಂತಕಣ್ಣ?"

"ನಾಗನ್ ಬನ ಹೆಂಗ್ಸ್ ಕಡ್ಸಿದ್ಲ್ ಅಂದ್ರೆ, ಊರಂಗೆ ಯಾರ್ ಮಗುಗ್ ಜ್ವರ ಬಂದ್ರೂ ನಿನ್ ಹೆಸ್ರ್ ಹೇಳ್ತ್ರ್. ನನ್ನನ್ನಾರೆ ಬೈದ್ ಬಿಡ್ತ್ರ್."

ಎಂದಿನಂತೆ ಗಂಟನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದ. ಬೇಡ ಅಣ್ಣ ಎನ್ನಬೇಕಿತ್ತು. ಬೈಗಳು ತನ್ನ ಪಾಲಿಗಿಲ್ಲ ಎಂದು ತಿಳಿದು ಅವಳಿಗೆ ಹಾಯೆನಿಸಿತು. ಬನ ಕಡಿಸಿದ್ದಕ್ಕಿಂತ ಆ ಹಾಯೆನಿಸಿದ್ದೇ ಮುಂದೆ ಅವಳನ್ನು ಹೆಚ್ಚು ತಿಂದಿತು.

ಮುಂದಿನ ಸಭೆಯಲ್ಲಿ ತಪ್ಪು ತನ್ನದೆಂದು ಹೇಳಿ ಚಂದಯ್ಯ ಸಮಿತಿ ಬಿಟ್ಟ. ಬುದ್ಧಿ ಹೇಳಿದವನದೇ ಬನ ಇಲ್ಲವೆಂದ ಮೇಲೆ ಉಳಿದವರದು ಯಾಕೆ? ಮಾತು ಕೊಟ್ಟ ಮನೆಗಳಲ್ಲೂ ಕೊಡಲಿಗಳು ಹೊರಗೆ ಬಂದವು.

* * *

"ಹ್ವಾಯ್ ಗುಡ್ಡ, ಎಂತ ಕಾಂತಾ ನಿಂತದ್?" ಆಚೆಮನೆಯ ಮುದುಕ ಅಣ್ಣಯ್ಯ ಕೂಗಿದ. "ದೇವ್ರ್ ಬನವೇ ಬೋಳ್ಸಿದ್ ಮನ್ಷ ಅವ. ಒಂದ್ ಮಾವಿನ್ ಮರಕ್ಕ್ ಬೇಜಾರ್ ಮಾಡ್ಕಂತ್ನಾ?"

ಒಂದಿಬ್ಬರು ಹೆಗಲ ಮೇಲಿನ ಬೈರಾಸಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಗುಡ್ಡ ತಿರುಗಿದ. "ಅದ್ ಅವ್ರ್ ಅಲ್ಲ..." ಎಂದವನು ಹರಿಣಾಕ್ಷಿಯ ಮುಖ ಕಂಡು ಉಳಿದದ್ದನ್ನು ನುಂಗಿಕೊಂಡ.

ಅವಳು ಕಂಬ ಹಿಡಿದು ಎದ್ದಳು.

"ಬನ ಕಡ್ಸದ್ದ್ ನಾನ್."

ಸ್ವರ ಸಣ್ಣದಾಗಿತ್ತು. ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ. ಮತ್ತೆ ಹೇಳಿದಳು. "ಅಣ್ಣ ಅಲ್ಲ. ಅವ ಇಲ್ದಿದ್ ದಿನ ಕಂಡ್ ನಾನೇ ಕಡ್ಸದ್. ಗುಡ್ಡಂಗ್ ಗೊತ್ತಿತ್ತ್."

ಎಲ್ಲರೂ ಗುಡ್ಡನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. ಅಷ್ಟು ಸಾಕಾಯಿತು. "ಈಗಳ್ ಅದೆಲ್ಲ ಎಂತಕ್, ಹರಿಣಿ? ಹೊತ್ತಾತ್," ಎಂದ ಅಣ್ಣಯ್ಯ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ.

ವನಜ ಎದ್ದು ಚಂದಯ್ಯನ ಕಾಲ ಬಳಿ ಹೋಗಿ ನಿಂತರು.

"ಆ ದಿನ ಸಭೆಯಲ್ಲಿ, ಆ ಕುರ್ಚಿಯಿಂದ ಏಳಿ ಅಂದೆ ಅವರಿಗೆ," ಎಂದರು. "ಎಲ್ಲರ ಎದುರು. ಎದ್ರು, ಕೈಮುಗಿದ್ರು. ಬಾಗಿಲ ತನಕ ಹೋಗಿ ವಾಪಸ್ ಬಂದು, ತಟ್ಟೆಯಲ್ಲಿದ್ದ ಬಿಸ್ಕಿಟ್ ತಗೊಂಡು ಹೋದ್ರು. ನಾವೆಲ್ಲ ನಕ್ಕಿದ್ವಿ."

ಹರಿಣಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಬಿಸ್ಕಿಟನ್ನೂ ಅವಳು ತಿಂದಿದ್ದಳು.

"ಅಮ್ಮಾ, ಬಿಸ್ಲ್ ಏರ್ತಾ ಇತ್ತ್," ಎಂದ ಗುಡ್ಡ, ಮೆಲ್ಲಗೆ.

"ಒಂದ್ ಗೆಲ್ಲ್ ಸಾಕಾತಿಲ್ಯಾ?" ಅವಳು ಮರದ ದಪ್ಪ ಕೊಂಬೆಯೊಂದನ್ನು ತೋರಿಸಿದಳು.

"ಗೆಲ್ಲಂಗ್ ಆತಿಲ್ಲ, ಅಮ್ಮ."

"ಕಡಿ," ಎಂದಳು.

ಮರ ಗದ್ದೆಯ ಕಡೆಗೆ ಬಿತ್ತು. ಅದರ ನೆರಳಲ್ಲಿ ನಿಂತವರೆಲ್ಲ ತಲೆಗೆ ಬೈರಾಸು ಹಾಕಿಕೊಂಡು ಮನೆಯ ಮಾಡಿನ ಅಡಿಗೆ ಸರಿದರು. ಅಂಗಳದ ನಡುವೆ ಚಂದಯ್ಯನೊಬ್ಬನೇ ಉಳಿದ. ಬಿಸಿಲು ನೇರ ಅವನ ಮುಖದ ಮೇಲೆ ಬಿದ್ದಿತ್ತು.

ಹರಿಣಾಕ್ಷಿ ಇಳಿದು ಹೋಗಿ ಅವನ ತಲೆಯ ಹತ್ತಿರ ನಿಂತಳು. ನಡುಮಧ್ಯಾಹ್ನ, ಅವಳ ನೆರಳು ಅವಳ ಕಾಲಬುಡ ದಾಟಲಿಲ್ಲ. ಸೆರಗು ಬಿಡಿಸಿ ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಉಟ್ಟು ಉಟ್ಟು ತೆಳ್ಳಗಾದ ಹಳೆಯ ಸೀರೆ. ಬಿಸಿಲು ಅದರೊಳಗಿಂದಲೇ ಇಳಿದು ಅವನ ಮುಖದ ಮೇಲಿತ್ತು.