ಮೀಟರಿನ ಎರಡನೆಯ ದೀಪ

ಮನೆಯ ಹಿಂಬದಿಯ ಬಾಡಿಗೆ ಖೋಲಿ ಖಾಲಿಯಾಗಿ ವಾರ ಕಳೆದರೂ ಮೀಟರಿನ ಎರಡನೆಯ ದೀಪ ಆರಿರಲಿಲ್ಲ. ಮನೆಯೊಡತಿ ನಾಗರತ್ನಾ ಸ್ವಿಚ್ಚುಗಳನ್ನೆಲ್ಲ ತಾನೇ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು ಬಂದು ಮೀಟರಿನ ಕೆಳಗೆ ನಿಂತಳು. ದೀಪ ಕೆಂಪಗೆ ಉರಿಯುತ್ತಲೇ ಇತ್ತು. ಖೋಲಿಯಲ್ಲಿ ಈಗ ಯಾರೂ ಇಲ್ಲ. ಹಾಗಾದರೆ ಕದಿಯುವವರು ಯಾರು?

"ಆ ದೀಪ ಹತ್ತೇತಿ ಅಂದ್ರ ಯಾರೋ ಕರೆಂಟ್ ಕದಿಯಾಕತ್ತಾರ್ರೀ" ಎಂದು ಹೇಳಿದ್ದವನು ಬಾಜು ಮನೆಯ ಮುತ್ತಪ್ಪ. ಕೇಳದಿದ್ದರೂ ಓಣಿಗೆಲ್ಲ ಬುದ್ಧಿ ಹೇಳುವ ಮನುಷ್ಯ. ಖೋಲಿಯಲ್ಲಿ ಬಾಡಿಗೆಗಿದ್ದವಳು ಮಾಯಕ್ಕ, ಮನೆಮನೆಗೆ ರೊಟ್ಟಿ ಬಡಿದುಕೊಟ್ಟು ಬದುಕುವ ಒಂಟಿ ಹೆಂಗಸು. ಬಡವಿಯ ಮೇಲೆ ಸಂಶಯ ಬೀಳಲು ಎಷ್ಟು ಹೊತ್ತು ಬೇಕು! ಅಂದು ನಾಗರತ್ನಾ ಓಣಿಯವರನ್ನು ಸೇರಿಸಿ ಆಣೆ ಕೇಳಿದಳು. ಮಾಯಕ್ಕ ಮನೆದೇವರು ಮೈಲಾರಲಿಂಗನ ಭಂಡಾರದ ಅರಿಶಿನವನ್ನು ಅಂಗೈಯಲ್ಲಿ ಹಿಡಿದು, "ನಾ ಒಂದ್ ವೈರ್ ಮುಟ್ಟಿದ್ರ ಈ ಕೈ ಬಿದ್ದು ಹೋಗ್ಲಿ" ಎಂದಳು.

ಭಂಡಾರ ಹಿಡಿದು ಮೈಲಾರನ ಒಕ್ಕಲಿನವರು ಯಾರೂ ಸುಳ್ಳಾಡುವುದಿಲ್ಲ. ಅದು ಗೊತ್ತಿದ್ದೂ ನಾಗರತ್ನಾ, "ಕಳ್ಳಿಗೆ ಯಾವ ದೇವರ ಹೆದರಿಕಿ?" ಎಂದುಬಿಟ್ಟಳು. ಮರುದಿನದಿಂದ ವಡಗಾವಿಯ ಆ ಓಣಿಯಲ್ಲಿ ಯಾರೂ ಮಾಯಕ್ಕನ ರೊಟ್ಟಿ ಕೊಳ್ಳಲಿಲ್ಲ. ಅವಳು ಗಂಟುಮೂಟೆ ಕಟ್ಟಿ ಖಾನಾಪುರಕ್ಕೆ, ತಮ್ಮ ಸೋಮಲಿಂಗನ ಮನೆಗೆ ಹೋದಳು.

ಅವಳು ಹೋದರೂ ದೀಪ ಆರದ್ದಕ್ಕೆ ನಾಗರತ್ನಾ ಈಗ ಕರೆಸಿದ, ವೈರಿಂಗ್ ಮಾಡುವ ಭರಮಣ್ಣ ಬಂದು ನೋಡಿದ. "ಮಿಣುಕ್ ಮಿಣುಕ್ ಅನ್ನೂ ಮೊದಲ್ನೇ ದೀಪ ನೀವು ಸುಟ್ಟ ಕರೆಂಟಿನ ಲೆಕ್ಕರೀ. ಈ ಬಾಜೂದು, ಕರೆಂಟ್ ದಾರಿ ತಪ್ಪಿ ನೆಲಕ್ಕ ಹೊಂಟಾಗ ಹತ್ತತೈತಿ. ಕಳವು ಮಾಡಿದ್ರೂ ಹತ್ತತೈತಿ, ವೈರ್ ಕೆಟ್ರೂ ಹತ್ತತೈತಿ."

ಮೇನ್ ಆರಿಸಿ ಖೋಲಿಯ ಬಚ್ಚಲಗೋಡೆ ಒಡೆದ. ಸಿಪ್ಪೆ ಹೋದ ಹಳೇ ವೈರು ನಲ್ಲಿಯ ಪೈಪಿಗೆ ಆನಿಕೊಂಡಿತ್ತು. "ಇಲ್ಲಿ ಜಳಕಾ ಮಾಡಿದವ್ರು ಬದುಕಿದ್ದ ದೊಡ್ಡದ್ರಿ" ಎಂದ.

ಮರುದಿನ ನಾಗರತ್ನಾ ಖಾನಾಪುರದ ಬಸ್ಸು ಹತ್ತಿದಳು. ಮಾಯಕ್ಕ ಹೊರಗೆ ಒಬ್ಬಳೇ ಜೋಳ ಹಸನು ಮಾಡುತ್ತಿದ್ದಳು.

"ಬರ್ರಿ ಅಕ್ಕಾರ, ಕುಂದರ್ರಿ."

"ತಪ್ಪಾತು ಮಾಯಕ್ಕಾ. ನಲ್ಲಿಗೆ ಕರೆಂಟ್ ಇಳೀತಿತ್ತಂತ. ನಿನಗ ಗೊತ್ತಾಗಲಿಲ್ಲೇನು?"

"ಗೊತ್ತಿತ್ರಿ. ಮುಟ್ಟಿದ್ರ ಮೊಳಕೈ ತನಕಾ ಜುಮ್ ಅಂತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಖೋಲಿ ಬಿಡು ಅಂತೀರಿ ಅಂತ ಅಂಜಿದ್ನಿರಿ."

ನಾಗರತ್ನಾಳ ಕಣ್ಣು ತುಂಬಿದವು. "ಬಾ, ಹೋಗೂಣು. ಓಣಿಯವರಿಗೆ ನಾನ ಹೇಳ್ತೀನಿ."

"ಏನಂತ ಹೇಳ್ತೀರಿ? ಭಂಡಾರ ಹಿಡಿದಾಗ ನಂಬದವ್ರು ಈಗ ನಂಬ್ತಾರೇನ್ರಿ?" ಮಾಯಕ್ಕ ದನಿ ತಗ್ಗಿಸಿದಳು. "ಸುದ್ದಿ ಇಲ್ಲೀತನಕಾ ಬಂದೈತ್ರಿ. ತಮ್ಮನ ಹೆಂಡ್ತಿ ನೀಲಾ, ನಾ ಬಂದಾಗಿಂದ ಕಪಾಟಿಗೆ ಕೀಲಿ ಹಾಕ್ತಾಳ."

ಮನೆಗೆ ಬಂದವರನ್ನು ನೀರೂ ಕೊಡದೆ ಕಳಿಸಬಾರದೆಂದು ಮಾಯಕ್ಕ ತಂಬಿಗೆ ಹಿಡಿದು ಅಂಗಳದ ನಲ್ಲಿಯ ಕಡೆ ನಡೆದಳು. ನಲ್ಲಿಯ ಮುಂದೆ ನಿಂತು, ಖೋಲಿಯಲ್ಲಿದ್ದಾಗಿನ ರೂಢಿಯಂತೆ ಸೆರಗಿನ ತುದಿಯನ್ನು ಬಲಗೈಗೆ ಬಿಗಿಯಾಗಿ ಸುತ್ತಿಕೊಂಡು, ಮುಖ ಆಚೆ ತಿರುಗಿಸಿ ಅದನ್ನು ತಿರುವಿದಳು.